ಸೊಂಟದೆಲುಬಿನ ಕುಳಿ

ಜೈತುನ್ ನದಿ ದಾಟಿ ಬಂದ ದಿನವೇ ರುದ್ರಾಂಬೆಯವರು ಅವಳ ಚೀಲದಲ್ಲಿದ್ದ ಪುಸ್ತಕಗಳನ್ನೆಲ್ಲ ತೆಗೆದು ತಗಡಿನ ಪೆಟ್ಟಿಗೆಗೆ ಹಾಕಿ ಬೀಗ ಜಡಿದರು.

"ಒಂದು ವರ್ಷ ಅಲ್ಲೇ ಇರಲಿ. ಮೊದಲು ಕೈ ಓದಲಿ."

"ಕೈಗೆ ಅಕ್ಷರ ಬರುತ್ತಾ ಅಮ್ಮಾ?"

"ನಾಲಿಗೆಗಿಂತ ಬೇಗ ಬರುತ್ತೆ."

ರುದ್ರಾಂಬೆಯವರ ಗುರುಕುಲವೆಂದರೆ ಇಷ್ಟೇ: ಒಂದು ತಗಡಿನ ಚಪ್ಪರ, ಅದರಡಿ ಉದ್ದನೆಯ ಮೇಜುಗಳು, ಹಿಂದೆ ಕೆಂಪು ಗುಡ್ಡ, ಮುಂದೆ ನದಿ. ಗುಡ್ಡದ ಹೊಟ್ಟೆಯಲ್ಲಿ ಒಂದು ಪ್ರಾಣಿ ಕೋಟಿಗಟ್ಟಲೆ ವರ್ಷದಿಂದ ಕಲ್ಲಾಗಿ ಮಲಗಿತ್ತು. ಅದನ್ನು ಒಂದೊಂದೇ ಎಲುಬಾಗಿ ಎಬ್ಬಿಸುವುದು ಗುರುವಿನ ಕೆಲಸ. ಜೊತೆಗಿದ್ದು ಕಲಿಯುವುದು ಶಿಷ್ಯರ ಪಾಠ.

ಜೈತುನ್ ಹಟದ ಹುಡುಗಿ. ಅವಳ ಅಪ್ಪ ಊರೂರು ತಿರುಗಿ ಪಾತ್ರೆಗೆ ಕಲಾಯಿ ಹಾಕಿ, ತೂತುಬಿದ್ದ ಕೊಡಗಳಿಗೆ ಬೆಸುಗೆ ಹಾಕಿ ಮಗಳನ್ನು ಕಾಲೇಜಿನವರೆಗೆ ಓದಿಸಿದ್ದ. ಅವನ ಪಕ್ಕದಲ್ಲೇ ಕೂತು ತಿದಿ ಒತ್ತಿ ಬೆಳೆದವಳು ಅವಳು. ಎಲ್ಲಾದರೂ ತೂತು ಕಂಡರೆ ಅವಳ ಬೆರಳು ತಾನಾಗಿಯೇ ಅತ್ತ ಹೋಗುತ್ತಿತ್ತು. ಚಪ್ಪರದ ನೀರಿನ ಡ್ರಮ್ಮು ಸೋರುತ್ತಿದ್ದುದನ್ನು ಬಂದ ವಾರದಲ್ಲೇ ನಿಲ್ಲಿಸಿದ್ದಳು. ಕೊಳಾಯಿ ರಿಪೇರಿಯವರು ಬಳಸುವ, ಎರಡು ಮುದ್ದೆ ಕಲಸಿ ಹಚ್ಚುವ ಗಟ್ಟಿ ಅಂಟನ್ನು ಅದಕ್ಕೆಂದೇ ಪೇಟೆಯಿಂದ ತರಿಸಿದ್ದಳು.

ಅವಳಿಗಿಂತ ಹಿರಿಯ ಶಿಷ್ಯ ಸೋಮಲಿಂಗ. ಅಂದಿನಿಂದ ಅವಳನ್ನು "ಏ ಕಲಾಯಿ" ಎಂದೇ ಕರೆಯುತ್ತಿದ್ದ.

ದಿನವೂ ಬೆಳಗ್ಗೆ ರುದ್ರಾಂಬೆಯವರು ಅವಳ ಕಣ್ಣಿಗೆ ಟವೆಲು ಕಟ್ಟಿ, ಪಾಠಕ್ಕೆಂದು ಇಟ್ಟುಕೊಂಡ ಹಳೆಯ ಎಲುಬುಗಳನ್ನು ಕೈಗೆ ಕೊಡುತ್ತಿದ್ದರು.

"ಇದೇನು?"

"ಬೆನ್ನುಮಣಿ."

"ಎಲ್ಲಿಯದು?"

ಜೈತುನ್ ಬೆರಳಾಡಿಸುವಳು. ಕೆಳಗೆ ಗುಂಡನೆಯ ದಿಮ್ಮಿ. ಮೇಲೆ ಕಮಾನು. ನಡುವೆ ನರದ ಹಗ್ಗ ಹಾದುಹೋಗುವ ಓಣಿ. ಪಕ್ಕದಲ್ಲಿ ಪಕ್ಕೆಲುಬು ಬಂದು ಕೂರುವ ಜಾಗವಿಲ್ಲ.

"ಬಾಲದ್ದು."

"ಇದು?"

"ತೊಡೆ ಎಲುಬು. ಎಡಗಾಲಿನದು."

"ಬಲಗಾಲಿನದು ಯಾಕಲ್ಲ?"

"ಬಾಲದ ಸ್ನಾಯು ಕಚ್ಚಿಕೊಳ್ಳುವ ಉಬ್ಬು ಹಿಂದಿರಬೇಕು. ಹಾಗೆ ಹಿಡಿದರೆ ಇದರ ತಲೆ ನನ್ನ ಬಲಕ್ಕೆ ತಿರುಗುತ್ತೆ. ತಲೆ ಯಾವಾಗಲೂ ಸೊಂಟದ ಕಡೆಗೆ ನೋಡಬೇಕಲ್ಲ?"

"ಹೂಂ."

ಆ 'ಹೂಂ'ಗಾಗಿ ಜೈತುನ್ ಊಟ ಬಿಡಲೂ ತಯಾರಿದ್ದಳು.

ಒಂದು ದಿನ ಅವಳು ಕೇಳಿದಳು. "ಅಮ್ಮಾ, ಗುಡ್ಡದಲ್ಲಿರೋದು ಡೈನೋಸಾರೇ ತಾನೆ?"

"ಅದನ್ನು ಅದೇ ಹೇಳಬೇಕು."

"ಎಲ್ಲಿ ಹೇಳುತ್ತೆ?"

ರುದ್ರಾಂಬೆಯವರು ತಮ್ಮ ಸೊಂಟದ ಮೇಲೆ ಹೊಡೆದುಕೊಂಡರು. "ಇಲ್ಲಿ."

"ಏನಂತ ಹೇಳುತ್ತೆ?"

"ನಾನು ಈಗಲೇ ಹೇಳಿಬಿಟ್ಟರೆ ನಿನ್ನ ದಬ್ಬಣ ಅದನ್ನೇ ಕೆತ್ತಿ ಕೂರಿಸುತ್ತೆ. ಹೋಗು, ಕೆಲಸ ನೋಡು."

ಕೆಲಸಕ್ಕೆ ಅವಸರವಿತ್ತು. ಜಲ್ಲಿ ಕ್ರಷರಿನವರು ಗುಡ್ಡಕ್ಕೆ ಅರ್ಜಿ ಹಾಕಿ ಕಾದಿದ್ದರು. ಪ್ರಾಣಿಯ ತಲೆಬುರುಡೆ, ಕೈಕಾಲುಗಳನ್ನು ನದಿ ಎಂದೋ ಒಯ್ದಿತ್ತು. ಸಿಕ್ಕಿದ್ದು ಬೆನ್ನುಮಣಿಗಳ ಒಂದು ಸಾಲು, ಮುರಿದ ಪಕ್ಕೆಲುಬುಗಳು, ಕಲ್ಲುಮಣ್ಣು ಮೆತ್ತಿದ ಸೊಂಟದ ಒಂದೇ ಪಕ್ಕ. ಅದು ಡೈನೋಸಾರು ಎಂದು ಖಾತ್ರಿಯಾದರೆ ಗುಡ್ಡ ಉಳಿಯುತ್ತಿತ್ತು. ಮೊಸಳೆಯ ಹಳೆಯ ದಾಯಾದಿ ಎಂದಾದರೆ ಗುಡ್ಡ ಜಲ್ಲಿಯಾಗುತ್ತಿತ್ತು. ಅಂಥ ದಾಯಾದಿಗಳು ಆ ಸೀಮೆಯಲ್ಲಿ ಬೇಕಾದಷ್ಟು ಸಿಕ್ಕಿದ್ದವು.

ಸರ್ಕಾರದ ಪರವಾಗಿ ತೀರ್ಮಾನ ಹೇಳಲು ಬರಬೇಕಾದವರು ವಾಮನ ದೇಸಾಯಿ. ರುದ್ರಾಂಬೆಯವರ ಜೊತೆ ಓದಿದವರು. ಈ ಪ್ರಾಣಿ ಮೊಸಳೆಯ ದಾಯಾದಿಯೇ ಎಂದು ಮೊದಲಿನಿಂದಲೂ ವಾದಿಸುತ್ತ ಬಂದವರು.

ಅವರು ಬರುವ ಹಿಂದಿನ ದಿನ ರುದ್ರಾಂಬೆ, ಸೋಮಲಿಂಗ ಇಬ್ಬರೂ ಆಚೆ ದಡಕ್ಕೆ ಹೋದರು. ಚಪ್ಪರದಲ್ಲಿ ಜೈತುನ್ ಒಬ್ಬಳೇ.

"ಸೊಂಟದ ಕುಳಿ ಬಿಡಿಸಿಡು," ಎಂದು ಹೇಳಿ ಹೋಗಿದ್ದರು ಗುರು. "ತೊಡೆ ಎಲುಬಿನ ತಲೆ ಬಂದು ಕೂರುವ ಬಟ್ಟಲು ಅದು. ಮೂರು ಎಲುಬು ಸೇರಿ ಆಗುತ್ತೆ. ಮೇಲೊಂದು ಅಗಲವಾದ ಹಲಗೆ, ಕೆಳಗೆ ಮುಂದಕ್ಕೆ ಚಾಚಿದ್ದೊಂದು, ಹಿಂದಕ್ಕೆ ಚಾಚಿದ್ದೊಂದು. ಮೂರೂ ಸೇರುವ ಕಡೆ ಕೈ ಹಗುರವಾಗಿರಲಿ."

ಜೈತುನ್ ದಬ್ಬಣದ ತುದಿಯಿಂದ ಕಲ್ಲುಮಣ್ಣನ್ನು ಕಾಳುಕಾಳಾಗಿ ಬಿಡಿಸುತ್ತ ಹೋದಳು. ಬಟ್ಟಲು ಆಳವಾಯಿತು. ಇನ್ನೇನು ತಳ ಸಿಗಬೇಕು ಎಂದು ಕೈ ಇನ್ನೂ ಹಗುರ ಮಾಡಿದಳು.

ತಟ್ಟನೆ ಒಂದು ಹೆಂಟೆ ಕಳಚಿ ಮೇಜಿನ ಮೇಲೆ ಬಿತ್ತು. ಬಟ್ಟಲಿನೊಳಗಿಂದ ಬೆಳಕು ಬಂತು. ಆಚೆ ಬದಿಯ ಮೇಜಿನ ಮರ ಕಾಣುತ್ತಿತ್ತು.

ಒಡೆದುಬಿಟ್ಟೆ, ಎಂದುಕೊಂಡಳು.

ನದಿಯತ್ತ ನೋಡಿದಳು. ದೋಣಿ ಇನ್ನೂ ಆಚೆ ದಡದಲ್ಲೇ ಇತ್ತು. ಬಿದ್ದ ಹೆಂಟೆಯನ್ನು ಪುಡಿ ಮಾಡಿ ಹುಡುಕಿದಳು. ಅದರಲ್ಲಿ ಎಲುಬಿನ ಚೂರು ಒಂದೂ ಇರಲಿಲ್ಲ. ಇಲ್ಲದಿದ್ದರೇನು, ಹುಡಿಯಾಗಿ ಹೋಗಿರಬೇಕು ಎಂದುಕೊಂಡಳು. ಸೋಮಲಿಂಗನ ನಗು ಈಗಲೇ ಕೇಳಿದಂತಾಯಿತು. ಗುರುವಿನ ಮುಖವನ್ನಂತೂ ಊಹಿಸಿಕೊಳ್ಳಲೂ ಅವಳಿಗೆ ಆಗಲಿಲ್ಲ.

ಆಮೇಲೆ ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ಡ್ರಮ್ಮಿನ ಅಂಟು ಉಳಿದಿತ್ತು. ಎರಡು ಮುದ್ದೆ ಕಲಸಿ, ಗುಡ್ಡದ ಕೆಂಪು ಹುಡಿ, ಎಲುಬಿನ ಹಳೆಯ ಹುಡಿ ಸೇರಿಸಿ ನಾದಿದಳು. ಬಣ್ಣ ಎಲುಬಿಗೆ ಎಲುಬೇ ಆಗುವ ತನಕ ಬಿಡಲಿಲ್ಲ. ಬಟ್ಟಲಿನ ತಳಕ್ಕೆ ತುಂಬಿ, ಒದ್ದೆ ಬೆರಳಿನಿಂದ ನಯ ಮಾಡಿ, ಮೇಲೆ ನಾಲ್ಕು ಸಣ್ಣ ಗೀರು ಎಳೆದಳು. ಅಪ್ಪ ನೋಡಿದ್ದರೂ ಬೆಸುಗೆ ಎಲ್ಲಿ ಎಂದು ಕೇಳುತ್ತಿದ್ದ.

ಅಂಥ ಕೆಲಸ ಅವಳು ಹಿಂದೆಂದೂ ಮಾಡಿರಲಿಲ್ಲ. ಆ ಭಯದಲ್ಲೂ ಒಂದು ಚೂರು ಹೆಮ್ಮೆಯಾಯಿತು.

ಮರುದಿನ ಬೆಳಗ್ಗೆ ರುದ್ರಾಂಬೆಯವರು ಬಟ್ಟಲಿನ ಮುಂದೆ ಬಂದು ನಿಂತರು. ಕನ್ನಡಕ ಹಾಕಿದರು. ತೆಗೆದರು. ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿದರು. ಕಿರುಬೆರಳನ್ನು ಬಟ್ಟಲಿನ ತಳಕ್ಕೆ ಇಟ್ಟು ಸುತ್ತಲೂ ಆಡಿಸಿದರು.

"ಮುಚ್ಚಿದೆ," ಎಂದರು.

ದನಿ ಸಣ್ಣಗಿತ್ತು. ಸೋಮಲಿಂಗ ಬಗ್ಗಿ ನೋಡಿ ಹಿಂದೆ ಸರಿದ.

"ಚೆನ್ನಾಗಿ ಬಿಡಿಸಿದ್ದೀಯ, ಜೈತುನ್. ಒಂದು ಗೀರೂ ತಪ್ಪಿಲ್ಲ." ರುದ್ರಾಂಬೆಯವರು ಸ್ಟೂಲಿನ ಮೇಲೆ ಕೂತರು. "ಸೋಮಲಿಂಗಾ, ದೇಸಾಯಿ ಊಟದ ಹೊತ್ತಿಗೆ ಬರುತ್ತಾನೆ. ಬಂದಾಗ ನಾನೇ ಹೇಳುತ್ತೇನೆ. ಅವನದೇ ಸರಿ, ನನ್ನದು ತಪ್ಪು ಅಂತ. ಗುಡ್ಡದ ಮೇಲಿನ ಹಗ್ಗ, ಗೂಟ ಎಲ್ಲ ಬಿಚ್ಚಿಬಿಡು."

"ಅಮ್ಮಾ, ಇಷ್ಟು ವರ್ಷ—"

"ಬಿಚ್ಚು ಅಂದೆ."

ಜೈತುನ್‌ಗೆ ಏನೂ ಅರ್ಥವಾಗಲಿಲ್ಲ. "ತಳ ಮುಚ್ಚಿದ್ದರೆ ಏನಾಯ್ತು ಅಮ್ಮಾ?"

"ನೆಲಕ್ಕೆ ಕೈಯೂರು," ಎಂದರು ಗುರು. "ಹಲ್ಲಿಯ ಹಾಗೆ. ಕಾಲು ಪಕ್ಕಕ್ಕೆ ಚಾಚು. ಹೊಟ್ಟೆ ನೆಲದಿಂದ ಎತ್ತು."

ಜೈತುನ್ ಕೈಯೂರಿದಳು. ರುದ್ರಾಂಬೆಯವರು ಅವಳ ಬೆನ್ನ ಮೇಲೆ ಅಂಗೈಯಿಟ್ಟು ಒತ್ತಿದರು.

"ತೊಡೆ ಎಲುಬು ಈಗ ಎತ್ತ ಒತ್ತುತ್ತಿದೆ?"

"ಪಕ್ಕದಿಂದ ಒಳಕ್ಕೆ. ಸೊಂಟದ ಒಳಕ್ಕೇ ನುಗ್ಗೋ ಹಾಗಿದೆ."

"ಆಗ ಬಟ್ಟಲಿಗೆ ಗಟ್ಟಿ ತಳ ಬೇಕು. ಇಲ್ಲದಿದ್ದರೆ ಎಲುಬು ಒಳಗೇ ಹೋಗಿಬಿಡುತ್ತೆ. ಉಡಕ್ಕೆ, ಹಲ್ಲಿಗೆ, ಈ ಮೊಸಳೆಯ ಹಳೆಯ ದಾಯಾದಿಗಳಲ್ಲಿ ಹೆಚ್ಚಿನವಕ್ಕೆ ಅದಕ್ಕೇ ತಳ ಇರೋದು. ಈಗ ಎದ್ದು ನಿಲ್ಲು. ಕಾಲು ನೆಟ್ಟಗೆ, ಮೈ ಕೆಳಗೆ."

ಎದ್ದು ನಿಂತಳು. ಗುರು ಅವಳ ಎರಡೂ ಹೆಗಲು ಹಿಡಿದು ಕೆಳಕ್ಕೆ ಒತ್ತಿದರು.

"ಈಗ ಭಾರ ಎಲ್ಲಿ?"

"ಮೇಲೆ. ಬಟ್ಟಲಿನ ಮೇಲಿನ ಅಂಚಿನ ಮೇಲೆ."

"ತಳದ ಮೇಲೆ?"

"ಏನೂ ಇಲ್ಲ."

"ಡೈನೋಸಾರು ಹಾಗೆ ನಿಂತ ಪ್ರಾಣಿ. ಭಾರ ಬೀಳದ ಕಡೆ ಅದು ಎಲುಬನ್ನೇ ಬೆಳೆಸಲಿಲ್ಲ. ಅದರ ಸೊಂಟದ ಬಟ್ಟಲಿಗೆ ತಳವಿಲ್ಲ. ಈ ಕಡೆಯಿಂದ ನೋಡಿದರೆ ಆ ಕಡೆಯ ಬೆಳಕು ಕಾಣಬೇಕು."

ಜೈತುನ್ ಮೇಜಿನ ಮೇಲಿನ ಬಟ್ಟಲಿನತ್ತ ನೋಡಿದಳು. ಹೆಗಲ ಮೇಲೆ ಗುರುವಿನ ಕೈ ಇನ್ನೂ ಇತ್ತು.

ನದಿಯಲ್ಲಿ ಯಾರೋ ಕೂಗಿದರು. ದೋಣಿಯವನಲ್ಲ, ಮೀನಿನವನು.

ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವಳಿಗೆ ಹೊಳೆಯಿತು. ಅಂಥ ಕೆಲಸ ಅದು. ದೇಸಾಯರು ಬಂದು ನೋಡುತ್ತಾರೆ, ತಲೆಯಾಡಿಸುತ್ತಾರೆ. ಗುಡ್ಡ ಹೋಗುತ್ತದೆ. ಗುರುವಿನ ಲೆಕ್ಕದಲ್ಲಿ ಅವಳು ಒಂದು ಗೀರೂ ತಪ್ಪದ ಶಿಷ್ಯೆಯಾಗಿಯೇ ಉಳಿಯುತ್ತಾಳೆ.

"ಅಮ್ಮಾ, ಬೆಳಕು ಕಂಡಿತ್ತು," ಎಂದಳು.

ರುದ್ರಾಂಬೆಯವರು ಕೈ ತೆಗೆದರು.

"ನಿನ್ನೆ. ನಾನು ಒಡೆದೆ ಅಂದುಕೊಂಡೆ. ಮುಚ್ಚಿಬಿಟ್ಟೆ."

"ಯಾವುದರಿಂದ?"

"ಡ್ರಮ್ಮಿನ ಅಂಟಿನಿಂದ."

ಸೋಮಲಿಂಗ ತಲೆಯ ಮೇಲೆ ಕೈ ಹೊತ್ತ. "ಏ ಕಲಾಯಿ! ಅದು ಹತ್ತು ವರ್ಷ ಬಿಡಲ್ಲ ಅಂತ ನೀನೇ ಜಂಬ ಕೊಚ್ಚಿದ್ದೆಯಲ್ಲೇ!"

ಗುರು ಮತ್ತೆ ಬಟ್ಟಲಿನ ಹತ್ತಿರ ಹೋಗಿ ತಳವನ್ನು ಉಗುರಿನಿಂದ ಗೀರಿದರು. ಮೂಸಿದರು. ಅವರಿಗೇ ಎಲ್ಲಿ ಎಲುಬು ಮುಗಿದು ಎಲ್ಲಿ ಅಂಟು ಶುರುವಾಗಿದೆ ಎಂದು ತಿಳಿಯಲಿಲ್ಲ.

"ನೀವು ಮೊದಲೇ ಹೇಳಬೇಕಿತ್ತು!" ಜೈತುನ್‌ಳ ದನಿ ಏರಿತು. ಅಳು ಬಂದರೂ ಕೆಳಗೆ ಬೀಳಲು ಬಿಡಲಿಲ್ಲ. "ತಳ ಇರೋದಿಲ್ಲ ಅಂತ ಒಂದು ಮಾತು ಹೇಳಿದ್ದರೆ ನಾನು ಯಾಕೆ ಹೀಗೆ ಮಾಡ್ತಿದ್ದೆ? ಪುಸ್ತಕಕ್ಕೆ ಬೀಗ ಹಾಕಿದವರು ನೀವು!"

"ಹೇಳಿದ್ದರೆ ಆ ತೂತು ನನ್ನದಾಗುತ್ತಿತ್ತು."

"ಈಗ ಯಾರದಾಯ್ತು?"

"ಈಗ ಯಾರದೂ ಅಲ್ಲದ್ದಾಗಿದೆ," ಎಂದರು ರುದ್ರಾಂಬೆ. "ನಾನು ಹೇಳದೆ ಇದ್ದದ್ದು ಸರಿ. ನೀನು ಹೆದರಿದಾಗ ಓಡಿಬಂದು ಹೇಳುವಂಥ ಗುರು ನಾನಾಗಿರಲಿಲ್ಲ. ಅದು ಬೇರೆ ತಪ್ಪು. ಅದನ್ನು ಆಮೇಲೆ ನೋಡೋಣ. ದೋಣಿ ಬರುವುದರೊಳಗೆ ತೆಗೆಯೋಕಾಗುತ್ತಾ?"

"ಸೋಮಲಿಂಗಣ್ಣ ತೆಗೆಯಲಿ. ನನ್ನ ಕೈ ನಡುಗ್ತಿದೆ."

"ಎಲ್ಲಿಯವರೆಗೆ ತುಂಬಿದ್ದೀಯ ಅಂತ ಅವನ ಕೈಗೆ ಗೊತ್ತಾ?"

ಜೈತುನ್ ತನ್ನ ಬೆರಳುಗಳನ್ನು ನೋಡಿಕೊಂಡಳು.

"ಹಾಗಾದರೆ ನಡುಗುವ ಕೈಯಲ್ಲೇ ತೆಗೆ."

ಸೋಮಲಿಂಗ ಹಗ್ಗ ಬಿಚ್ಚಲು ಹೋಗಲಿಲ್ಲ. ಒಲೆ ಹಚ್ಚಿಕೊಟ್ಟ. ಆ ಅಂಟು ಸುತ್ತಿಗೆಗೆ ಬಗ್ಗುವುದಿಲ್ಲ, ಬಿಸಿಗೆ ಬಗ್ಗುತ್ತದೆ. ಅದು ಜೈತುನ್‌ಗೆ ಗೊತ್ತಿತ್ತು. ಆದರೆ ಆ ಬಿಸಿ ಎಲುಬಿಗೆ ತಾಗಿದರೆ ಎಲುಬು ಬಿರಿಯುತ್ತದೆ. ಅದೂ ಗೊತ್ತಿತ್ತು.

ದಬ್ಬಣ ಕಾಸಿ ತಳದ ನಡುಮಧ್ಯೆ ಊರಿದಳು. ಸುಟ್ಟ ವಾಸನೆ ಬಂತು. ತುದಿ ಒಳಗೆ ಇಳಿಯಿತು. ಕಡಲೆಯಷ್ಟು ಅಂಟು ಎದ್ದು ಬಂತು.

ಮತ್ತೆ ಕಾಸಿದಳು. ಮತ್ತೆ ಊರಿದಳು.

"ಎಲ್ಲಿ ನಿಲ್ಲಿಸಬೇಕು ಅಂತ ಹೇಗೆ ತಿಳಿಯುತ್ತೆ?" ಸೋಮಲಿಂಗ ಮೆಲ್ಲಗೆ ಕೇಳಿದ. ಅವನ ದನಿಯಲ್ಲಿ ಹಾಸ್ಯವಿರಲಿಲ್ಲ.

"ಅಂಟು ನಾರುತ್ತೆ. ಕಲ್ಲಾದ ಎಲುಬು ನಾರಲ್ಲ."

ನಡುವೆ ಬೆಳಕಿನ ಒಂದು ಚುಕ್ಕಿ ಮೂಡಿತು. ಅದು ಬೇಳೆಯಷ್ಟಾಯಿತು, ಹುಣಸೆಬೀಜದಷ್ಟಾಯಿತು. ಅಂಚು ಹತ್ತಿರವಾದಂತೆ ಅವಳು ದಬ್ಬಣ ಕಾಸುವುದನ್ನು ಬಿಟ್ಟು ತಣ್ಣನೆಯ ತುದಿಯಿಂದಲೇ ಕೆರೆಯತೊಡಗಿದಳು. ಮೂಗನ್ನು ಎಲುಬಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದಳು. ಬೆವರು ಬೀಳದಂತೆ ಹಣೆಗೆ ಓಢಣಿ ಬಿಗಿದಿದ್ದಳು.

ಒಂದು ಕಡೆ ಅಂಟು ಹಾಳೆಯ ಹಾಗೆ ಸಲೀಸಾಗಿ ಕಳಚಿಕೊಂಡಿತು. ಅದರಡಿ ಎಲುಬಿನ ಅಂಚು ಕಂಡಿತು. ನಯವಾಗಿ, ಒಳಕ್ಕೆ ಬಾಗಿ, ತಟ್ಟೆಯ ಕಂಠದ ಹಾಗೆ.

ಜೈತುನ್ ಉಸಿರು ಬಿಟ್ಟಳು. ಆ ಉಸಿರಿನಲ್ಲೇ ಕೈ ಜಾರಿತು.

ಟಿಕ್ ಎಂದಿತು.

ಅಂಚಿನಿಂದ ಒಂದು ಚೂರು ಹಾರಿ ಮೇಜಿನ ಮೇಲೆ ಬಿತ್ತು. ಉಗುರಿನಷ್ಟು. ಅದು ಹಾರಿದ ಜಾಗದಲ್ಲಿ ಜೇನುಹುಟ್ಟಿನಂಥ ಸಣ್ಣ ಸಣ್ಣ ಕಣ್ಣುಗಳು, ಕಣ್ಣೊಳಗೆ ಬಿಳಿಯ ಹರಳು.

ಈ ಸಲ ನಿಜವಾಗಿಯೂ ಒಡೆದಿದ್ದಳು.

ಸೋಮಲಿಂಗ ನೀರು ತರಲು ಹೋಗಿದ್ದ. ಗುರು ಚಪ್ಪರದ ಕಂಬಕ್ಕೆ ಒರಗಿ ನದಿಯ ಕಡೆ ಮುಖ ಮಾಡಿದ್ದರು. ಅಂಟಿನ ಮುದ್ದೆ ಕೈಯಳತೆಯಲ್ಲೇ ಇತ್ತು. ಚೂರನ್ನು ಎತ್ತಿ ಒಂದು ಚಿಟಿಕೆ ಅಂಟು ಹಚ್ಚಿ ಕೂರಿಸುವುದು ಎಷ್ಟರ ಮಾತು? ಅವಳ ಎರಡು ಬೆರಳು ಆಗಲೇ ಚೂರನ್ನು ಹಿಡಿದಿದ್ದವು.

ಅಂಟಿನ ಮುದ್ದೆಯನ್ನು ಇನ್ನೊಂದು ಕೈಯಿಂದ ದೂರ ತಳ್ಳಿದಳು. ಆಮೇಲೆ ಅದನ್ನು ಒಂದು ಹತ್ತಿಯ ತುಂಡಿನ ಮೇಲಿಟ್ಟು, ಎಲ್ಲರಿಗೂ ಕಾಣುವಂತೆ ಬಟ್ಟಲಿನ ಮುಂದೆ ಸರಿಸಿದಳು.

"ಅಮ್ಮಾ, ಒಂದು ಚೂರು ಹಾರಿತು."

ರುದ್ರಾಂಬೆಯವರು ತಿರುಗಿ ನೋಡಿದರು. ಬೈಯಲಿಲ್ಲ. ಹತ್ತಿರ ಬಂದು ಬಟ್ಟಲನ್ನು ನೋಡಿದರು. ಅಂಚಿನ ಅರ್ಧ ಬಿಡುಗಡೆಯಾಗಿತ್ತು. ಇನ್ನರ್ಧಕ್ಕೆ ಅಂಟು ಇನ್ನೂ ಹಾಗೇ ಇತ್ತು.

"ಸಾಕು. ದಬ್ಬಣ ಕೆಳಗಿಡು."

"ಇನ್ನೂ ಅರ್ಧ ಇದೆ ಅಮ್ಮಾ! ದೋಣಿ ಇನ್ನೂ ಬಿಟ್ಟಿಲ್ಲ!"

"ಅರ್ಧ ಇರಲಿ. ಬಂದ ಅತಿಥಿ ಬರಿಗೈಲಿ ಕೂರಬಾರದು."

ಜೈತುನ್‌ಗೆ ಕೋಪ ಬಂತು. ಗುಡ್ಡ ಹೋಗುವ ಹೊತ್ತಿನಲ್ಲಿ ಇದೆಂಥ ಒಗಟು? ಆದರೂ ದಬ್ಬಣ ಕೆಳಗಿಟ್ಟಳು.

ವಾಮನ ದೇಸಾಯರು ಬಿಸಿಲಿಗೆ ಕೊಡೆ ಹಿಡಿದು ದಡ ಹತ್ತಿ ಬಂದರು. ಎತ್ತರದ ಆಳು. ಕುಡಿಯಲು ಕೊಟ್ಟ ಮಜ್ಜಿಗೆಯನ್ನು ನಿಂತೇ ಕುಡಿದರು.

"ಎಲ್ಲಿ ಅದ ನಿನ್ನ ಡೈನೋಸಾರು, ರುದ್ರಾ? ತೋರಸು. ನಾ ಸಂಜೀ ದೋಣಿಗೆ ಹೊಳ್ಳಿ ಹೋಗಬೇಕು."

ಬಟ್ಟಲಿನ ಮುಂದೆ ಕೂತರು. ಭೂತಗನ್ನಡಿ ತೆಗೆದರು. ಬೆಳಕು ಕಂಡಿತು. ಹುಬ್ಬು ಮೇಲೇರಿತು. ಮರುಕ್ಷಣವೇ ಇಳಿಯಿತು.

"ಇದೇನಿದು ಅರ್ಧಾ ತುಂಬೇದ?"

ಜೈತುನ್ ಮುಂದೆ ಬಂದಳು.

"ನಾನು ತುಂಬಿದ್ದು ಸರ್. ಬಿಡಿಸುವಾಗ ಬೆಳಕು ಬಂತು. ಒಡೆದೆ ಅಂತ ಹೆದರಿ ಅಂಟು ಹಾಕಿ ಮುಚ್ಚಿದೆ. ಇವತ್ತು ಬೆಳಗ್ಗೆ ಅರ್ಧ ತೆಗೆದೆ."

ದೇಸಾಯರು ಕುರ್ಚಿಗೆ ಒರಗಿದರು. ನಕ್ಕರು. ಆ ನಗುವಿನಲ್ಲಿ ಕೆಟ್ಟತನವಿರಲಿಲ್ಲ. ಅದಕ್ಕೇ ಜೈತುನ್‌ಗೆ ಅದು ಇನ್ನಷ್ಟು ಚುಚ್ಚಿತು.

"ತಂಗೀ, ನೀನs ಹೇಳು. ಮುಚ್ಚಿದಾಕಿ ನೀನು, ತಗದಾಕಿ ನೀನು. ಈ ತೂತು ಪ್ರಾಣೀದೋ, ನಿನ್ನ ದಬ್ಬಣದ್ದೋ? ನಾ ಹ್ಯಾಂಗ ನಂಬಲಿ?"

"ಎಕ್ಸ್‌ರೇ ತೆಗೆಸಬಹುದಲ್ಲ ಸರ್?" ಎಂದ ಸೋಮಲಿಂಗ.

"ತಾಲೂಕು ಆಸ್ಪತ್ರೇದಾಗ? ಕಲ್ಲಾದ ಎಲುಬು, ಕಲ್ಲಿನ ಹುಡಿ ಕಲಸಿದ ಅಂಟು. ಎರಡೂ ಒಂದs ಬಿಳೀ ಮುದ್ದಿ ಕಾಣಸ್ತದ. ದೊಡ್ಡ ಯಂತ್ರ ಬೇಕಂದ್ರ ತಿಂಗಳು ಕಾಯಬೇಕು. ನಾಳೆ ನಾ ವರದಿ ಕೊಡಬೇಕು." ಅವರು ರುದ್ರಾಂಬೆಯ ಕಡೆ ತಿರುಗಿದರು. "ನಿನ್ನ ಮಾತಿನ ಮ್ಯಾಲ ನನಗ ಸಂಶಯ ಇಲ್ಲ, ರುದ್ರಾ. ಆದ್ರ ಇದು ಸಾಕ್ಷಿ ಅಲ್ಲ."

"ಅಲ್ಲ," ಎಂದರು ರುದ್ರಾಂಬೆ.

ಗುರುವಿನ ಬಾಯಿಂದಲೇ ಆ ಮಾತು ಬಂದದ್ದು ಕೇಳಿ ಜೈತುನ್ ತಲೆ ತಗ್ಗಿಸಿದಳು. ಅಷ್ಟರಲ್ಲಿ ದೇಸಾಯರ ಕಣ್ಣು ಹತ್ತಿಯ ಮೇಲಿದ್ದ ಚೂರಿನ ಮೇಲೆ ಬಿತ್ತು.

"ಇದೇನು?"

"ಒಡೆದದ್ದು ಸರ್. ಬೆಳಗ್ಗೆ, ನನ್ನ ಕೈಯಿಂದ. ಅಂಟಿಸಿಲ್ಲ."

"ಯಾಕ ಅಂಟಿಸಲಿಲ್ಲ?"

"ಒಡೆದದ್ದು ಒಡೆದ ಹಾಗೇ ಕಾಣಲಿ ಅಂತ."

ದೇಸಾಯರು ಚೂರನ್ನು ಅಂಗೈಮೇಲೆ ಇಟ್ಟುಕೊಂಡರು. ಭೂತಗನ್ನಡಿಯನ್ನು ಚೂರಿನ ಮೇಲೆ ಹಿಡಿದರು. ಚೂರು ಹಾರಿದ ಜಾಗದ ಮೇಲೆ ಹಿಡಿದರು. ಆಮೇಲೆ ಅಲ್ಲಿಂದ ಒಂದು ಬೆರಳಗಲ ಸರಿಸಿ, ಅಂಚಿನ ನಯವಾದ ಕಡೆ ಹಿಡಿದರು. ಮತ್ತೆ ಹಿಂದಕ್ಕೆ ಬಂದರು. ಮತ್ತೆ ಮುಂದಕ್ಕೆ.

ತಗಡು ಬಿಸಿಲಿಗೆ ಚಟಚಟ ಎನ್ನುತ್ತಿತ್ತು.

"ದಬ್ಬಣ ಕೊಡು," ಎಂದರು ದೇಸಾಯರು.

ಜೈತುನ್ ಕೊಟ್ಟಳು.

"ಒಲೀ ಹಚ್ಚೀರೇನು?"

ಆಗ ಅವಳಿಗೆ ಗುರು ಅರ್ಧ ಯಾಕೆ ಉಳಿಸಿದರೆಂದು ತಿಳಿಯಿತು. ಗುರುವಿನ ಕಡೆ ನೋಡಿದಳು. ಅವರು ನೋಡಲಿಲ್ಲ. ಅವರ ಸೆರಗಿನ ತುದಿ ಮುಷ್ಟಿಯೊಳಗೆ ಮುದುಡಿಹೋಗಿತ್ತು.

ದೇಸಾಯರ ಕೈ ವಯಸ್ಸಾದದ್ದು, ಆದರೆ ಪಳಗಿದ್ದು. ಉಳಿದ ಅರ್ಧವನ್ನು ಅವರೇ ಕಾಸಿ, ಕೆರೆದು, ಊದಿ ತೆಗೆದರು. "ನಡುವಿಂದ ಅಂಚಿನ ಕಡೆ ಹೋಗ್ತೀನಿ, ಎಲ್ಲಿ ನಿಲ್ಲಬೇಕು ಹೇಳು," ಎಂದಾಗ ಜೈತುನ್ ಮೂಗು ಹತ್ತಿರ ತಂದು, "ಇನ್ನೂ ಅಂಟು," "ಇನ್ನೂ ಅಂಟು," "ಸಾಕು ಸರ್, ಎಲುಬು," ಎನ್ನುತ್ತಿದ್ದಳು.

ಕೊನೆಯ ಹಾಳೆ ಕಳಚಿತು. ಬಟ್ಟಲಿನ ಆಚೆಯ ಬೆಳಕು ದೇಸಾಯರ ಅಂಗಿಯ ಮೇಲೆ ಬಿತ್ತು.

ಅವರು ಕಿರುಬೆರಳನ್ನು ಅಂಚಿನ ಸುತ್ತ ಒಂದು ಸುತ್ತು ಆಡಿಸಿದರು. ಚೂರು ಹಾರಿದ ಕಡೆ ಬೆರಳು ತಡೆಯಿತು. ಬೇರೆಲ್ಲೂ ತಡೆಯಲಿಲ್ಲ.

"ಒಡದ ಎಲುಬು ಹ್ಯಾಂಗಿರ್ತದ ಅನ್ನೋದಕ್ಕ ಇಲ್ಲೇ ಮಾದರಿ ಅದ," ಎಂದರು. "ಈ ಬಾಜೂಕ ಇರೋದು ಒಡದದ್ದಲ್ಲ. ಇದು ತಾನs ಬೆಳದು ತಾನs ನಿಂತ ಅಂಚು." ಭೂತಗನ್ನಡಿ ಮಡಚಿ ಜೇಬಿಗೆ ಹಾಕಿದರು. "ಇಷ್ಟು ವರ್ಷ ನಿನ್ನ ಜೋಡಿ ಜಗಳಾಡಿದ್ದು ದಂಡಾತು, ರುದ್ರಾ."

"ದಂಡವಾಗಲಿಲ್ಲ. ನೀನು ಒಪ್ಪಿಬಿಟ್ಟಿದ್ದರೆ ನಾನು ಇಷ್ಟು ಹುಷಾರಾಗಿ ಅಗೆಯುತ್ತಿರಲಿಲ್ಲ."

"ಗುಡ್ಡ ಮುಟ್ಟಬ್ಯಾಡ್ರಿ ಅಂತ ಬರೀತೀನಿ." ದೇಸಾಯರು ಎದ್ದರು. "ಇನ್ನೊಂದ್ ವಾಟಗಾ ಮಜ್ಜಿಗಿ ಕೊಡ್ರಿ. ಈ ಸಲ ಕೂತು ಕುಡೀತೀನಿ."

ಸೋಮಲಿಂಗ ಮಜ್ಜಿಗೆಗೆ ಓಡಿದ. ಹೋಗುತ್ತ ಜೈತುನ್‌ಳ ಓಢಣಿಯ ತುದಿ ಎಳೆದು, "ಏ ಕಲಾಯಿ, ಇನ್ನು ಡ್ರಮ್ಮು ಸೋರಿದರೂ ನೀನು ಮುಟ್ಟಬೇಡ ಮಾರಾಯ್ತಿ," ಎಂದ.

ದೋಣಿ ಹೋದ ಮೇಲೆ ಜೈತುನ್ ಬಟ್ಟಲಿನ ಮುಂದೆಯೇ ಕೂತಿದ್ದಳು. ರುದ್ರಾಂಬೆಯವರು ಬಂದು ಎದುರಿಗೆ ಕೂತರು.

"ನನ್ನನ್ನು ಊರಿಗೆ ಕಳಿಸಿಬಿಡ್ತೀರಾ ಅಮ್ಮಾ?"

"ಯಾಕೆ?"

"ನಾನು ಒಡೆದೆ ಅಂದುಕೊಂಡು ಇಷ್ಟೆಲ್ಲ ಮಾಡಿದೆ."

"ಆ ಪ್ರಾಣಿ ಮೊಟ್ಟೆಯೊಳಗೆ ಮಲಗಿದ್ದಾಗಲೇ ಆ ಬಟ್ಟಲಿಗೆ ತಳವಿರಲಿಲ್ಲ. ನಿನ್ನೆ ಮಧ್ಯಾಹ್ನ ನೀನೊಬ್ಬಳು ಬಂದು ಅದನ್ನು ಮಾಡಿದೆ ಅಂದುಕೊಂಡೆಯಲ್ಲ, ಎಷ್ಟು ಅಹಂಕಾರ ಹುಡುಗಿ ನಿನಗೆ!"

ಜೈತುನ್‌ಗೆ ನಗು ಬಂತು, ಅದರ ಹಿಂದೆಯೇ ತಡೆದಿಟ್ಟ ಅಳುವೂ ಬಂತು. ಎರಡನ್ನೂ ಓಢಣಿಯಲ್ಲಿ ಒರೆಸಿಕೊಂಡಳು. ಹತ್ತಿಯ ಮೇಲಿನ ಚೂರನ್ನು ಎತ್ತಿ ಹಿಡಿದಳು.

"ಇದು ಮಾತ್ರ ನಾನೇ ಒಡೆದದ್ದು. ಇದನ್ನೇನು ಮಾಡಲಿ? ಹೀಗೇ ಬಿಟ್ಟರೆ ಕಳೆದುಹೋಗುತ್ತೆ."

ರುದ್ರಾಂಬೆಯವರು ಮೇಜಿನ ಖಾನೆಯಿಂದ ತಮ್ಮ ಅಂಟಿನ ಸೀಸೆ ತೆಗೆದು, ಮುಚ್ಚಳ ತಿರುಗಿಸಿ, ಅವಳ ಮುಂದಿಟ್ಟರು.

"ಅಂಟಿಸು. ಬಣ್ಣ ಹಚ್ಚಬೇಡ."